ಮಡಿ ಮಾಡಿದ ಬಾಟಲಿ

1997ರ ಜೂನ್‌ನಲ್ಲಿ ಹೊಳೆನರಸೀಪುರದ ಲ್ಯಾಬೊಂದರಲ್ಲಿ ಪರೀಕ್ಷೆ ಮಾಡುತ್ತಿದ್ದ ಪುಟ್ಟತಾಯಮ್ಮ ನನ್ನ ಹೆಂಡತಿ ಶಾರದೆಯ ಮೂತ್ರದ ಬಾಟಲಿಯನ್ನು ಮೂಸಿ, ಜೋರಾಗಿ ನಕ್ಕು, ವಾಪಸ್ ಕೊಟ್ಟರು.

ಪರೀಕ್ಷೆಗೆ ಮೊದಲು ಮೂಸುವುದು ಅವರ ಅಭ್ಯಾಸ. ಉಪ್ಪಿನಕಾಯಿ ಬಾಟಲಿಯೋ ಕೆಮ್ಮಿನ ಔಷಧಿಯದೋ, ಮುಚ್ಚಳ ತೆಗೆದೊಡನೆ ಹೇಳುತ್ತಿದ್ದರು.

"ಇದೇನ್ ಸಾ, ಗಾಯ ತೊಳ್ಯೋ ಔಸ್ತಿ ವಾಸ್ನೆ?"

ಬಾಟಲಿ ದೇವರ ಮನೆಯ ಮುಂದೆ ಹಾದುಹೋಗಬೇಕಿತ್ತು. ಹಾಗಾಗಿ ನಮ್ಮಮ್ಮ ಮಡಿಗೆಂದು ಅದಕ್ಕೆ ಆ ಔಷಧಿಯ ನಾಲ್ಕು ಹನಿ ಬಿಟ್ಟಿದ್ದರು. ಹಿಂದಿನ ಎರಡು ಸಲವೂ ಬಿಟ್ಟಿದ್ದರಂತೆ.

"ಅಯ್ಯೋ! ಉಚ್ಚೇನೂ ಮಡಿ ಮಾಡ್ಬುಟ್ರಾ? ಹುಳ ಎಲ್ಲಾ ಸತ್ತೋದ್ಮೇಲೆ ನಾನೇನ್ ಉಡುಕ್ಲಿ?"

ಹಿಂದಿನ ಎರಡು ವರದಿಗಳಲ್ಲೂ ಯಾವ ರೋಗಾಣುವೂ ಸಿಕ್ಕಿರಲಿಲ್ಲ. ಡಾಕ್ಟರು ಅಂದಾಜಿನ ಮೇಲೆ ಮಾತ್ರೆ ಬದಲಿಸುತ್ತಿದ್ದರು, ಶಾರದೆಯ ಉರಿಮೂತ್ರ ಹೋಗಿರಲಿಲ್ಲ. ಶಾರದೆ ಹಳೇಕೋಟೆಯಲ್ಲಿ ತಾತ್ಕಾಲಿಕ ಶಿಕ್ಷಕಿ. ಇನ್ನೊಮ್ಮೆ ರಜೆ ಹಾಕಿದರೆ ಕೆಲಸ ಬೇರೆಯವರಿಗೆ ಎಂದು ಶಾಲೆ ತಿಳಿಸಿಯಾಗಿತ್ತು.

"ಮೈ ತೊಳ್ಯೋ ನೀರ್ಗೂ ಆಕ್ತೀಯೇನವ್ವ ಇದ್ನ?" ಎಂದು ಪುಟ್ಟತಾಯಮ್ಮ ಶಾರದೆಯನ್ನು ಕೇಳಿದರು.

"ದಿನಾ ಒಂದು ಮುಚ್ಚಳ," ಎಂದಳು ಶಾರದೆ, ಸಣ್ಣ ದನಿಯಲ್ಲಿ. "ಕೆಳಗೂ ಅದರಲ್ಲೇ ತೊಳೀತೀನಿ."

"ಅದ್ಕೇ ಕಣವ್ವ! ಎಂಗಸ್ರ ಮೈಯಾಗೆ ಮೊಸರಿನ ಜಾತಿ ಹುಳ ಕಾವಲಿರ್ತವೆ. ರಾಗಿ ಕಿತ್ತಾಕಿ ಹೊಲ ಬರಿದು ಮಾಡುದ್ರೆ ಏನ್ ಬತ್ತದೆ? ಕಳೆ! ಕರುಳಿನ್ ಹುಳ ಬಂದು ಬಿಡಾರ ಹೂಡ್ತದೆ."

ಲ್ಯಾಬಿನಲ್ಲೇ ಕುದಿಸಿಟ್ಟಿದ್ದ ಬಾಟಲಿ ಕೊಟ್ಟರು. ಮೂರನೆಯ ದಿನ ಹುಳವೂ ಸಿಕ್ಕಿತು, ಅದಕ್ಕೆ ಬಗ್ಗುವ ಮಾತ್ರೆಯೂ ಗೊತ್ತಾಯಿತು. ವರದಿ ಕೊಡುವಾಗ, ನೀರು ಎಷ್ಟು ಕುಡಿಯುತ್ತೀಯ ಎಂದು ವಿಚಾರಿಸಿದರು. ಶಾಲೆಯ ಶೌಚಾಲಯದ ಬೀಗದ ಕೈ ಹೆಡ್‌ಮಾಸ್ಟರ ಬಳಿ ಇತ್ತು. ಕೇಳಲು ಸಂಕೋಚವಾಗಿ ಶಾರದೆ ಸಂಜೆ ನಾಲ್ಕರವರೆಗೆ ತೊಟ್ಟು ನೀರೂ ಕುಡಿಯುತ್ತಿರಲಿಲ್ಲ.

"ಬೀಗದ್ ಕೈ ಕೇಳಕ್ಕೆ ನಾಚ್ಕೆ, ತರಗತೀಲಿ ಉರ್ಕೊಂಡ್ ಕುಣಿಯಕ್ಕೆ ನಾಚ್ಕೆ ಇಲ್ವಾ?"

ಮರುದಿನ ಶಾರದೆ ಬೀಗದ ಕೈ ಕೇಳಿದಳು. ಮಾತ್ರೆ ಕೊನೆಯವರೆಗೂ ನುಂಗಿದಳು. ಆ ವರ್ಷ ಮತ್ತೆ ರಜೆ ಹಾಕಲಿಲ್ಲ.

"ಮೈಯಲ್ಲಿ ಹುಳ ಇರಬೇಕಂತೆ, ಕೇಳಿದ್ಯೇನೋ!" ಎಂದು ಅಮ್ಮ ವಾರವಿಡೀ ಗೊಣಗಿದರು. ಆಮೇಲೆ ಔಷಧಿಯನ್ನು ನೆಲ ಒರೆಸುವುದಕ್ಕೆ ಇಟ್ಟುಕೊಂಡರು.

2004ರಲ್ಲಿ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಬಸ್ಸೊಂದರ ಕಿಟಕಿಯಿಂದ ಕೂಗು ಕೇಳಿಸಿತು: "ಟೀಚರಮ್ಮಾ! ಉರಿ ತಿರ್ಗಾ ಬಂತಾ?"

ನಿಲ್ದಾಣವೇ ನಮ್ಮತ್ತ ತಿರುಗಿತು. ಶಾರದೆ ಅದಕ್ಕಿಂತ ಜೋರಾಗಿ ಕೂಗಿದಳು: "ಇಲ್ಲಾ ಪುಟ್ಟತಾಯಮ್ಮ, ಏಳು ವರ್ಷ ಆಯ್ತು!"

ಅವರು ಲ್ಯಾಬು ಬಿಟ್ಟು ಅರಕಲಗೂಡಿನ ಮಗಳ ಮನೆ ಸೇರಿದ್ದಾರೆಂದು ಆಮೇಲೆ ತಿಳಿಯಿತು. ಮತ್ತೆ ಭೇಟಿಯಾಗಿಲ್ಲ. ಶಾರದೆಯ ಕೆಲಸ 2005ರಲ್ಲಿ ಕಾಯಂ ಆಯಿತು.