ಸಿನಿಮಾ ಗಾಡಿಯ ಆರ್ಡಿತ್

ಆ ಗಂಡಹೆಂಡಿರ ಸುದ್ದಿ ನಾನು ಮೊದಲು ಕೇಳಿದ್ದು ನವೆಂಬರಿನಲ್ಲಿ ಟರ್ಕಿ ಕೋಳಿ ಬೇಯಿಸುವ ಹಬ್ಬದ ಮರುದಿನ. ಉಳಿದ ಎಲುಬನ್ನು ಸೂಪಿಗೆ ಕುದಿಸುತ್ತಿದ್ದೆ. ನಾದಿನಿ ಟ್ರೂಡಿ ಫೋನ್ ಮಾಡಿದಳು.

"ಯೂನಿಸ್, ಆ ಸಿನಿಮಾ ಗಾಡಿ ಊರಿಗೆ ಬಂದಿದೆ ಕಣೇ. ನಿನ್ನ ಹತ್ರಾನೇ ಬರ್ತಿದೆ."

"ನನ್ನ ಹತ್ರ ಯಾಕೆ?"

"ಇನ್ನೆಲ್ಲಿಗೆ ಹೋಗುತ್ತೆ? ನಮ್ಮಣ್ಣ ಕೆರೆ ದಂಡೇಲಿ ಗಾಡಿ ನಿಲ್ಲಿಸಿ ತಂಗೋ ಕ್ಯಾಂಪ್ ಕಟ್ಟಿಟ್ಟು ಸತ್ತಿದ್ದು ಇಂಥೋರಿಗೇ ಅಲ್ವಾ?"

ಕ್ರಿಸ್ಮಸ್ ಬಂತೆಂದರೆ ನಮ್ಮ ಇಂಡಿಯಾನಾದಲ್ಲಿ ಎಲ್ಲರ ಮನೆಯಲ್ಲೂ ಆ ನಗೆ ಸಿನಿಮಾ ಓಡುತ್ತದೆ. ಕರೆಯದೆ ಬಂದ ನೆಂಟ ತಾನು ವಾಸಿಸುವ ತುಕ್ಕು ಹಿಡಿದ ಮನೆಬಸ್ಸಿನ ಕಕ್ಕಸು ತೊಟ್ಟಿಯನ್ನು ಬೀದಿ ಚರಂಡಿಗೆ ಖಾಲಿ ಮಾಡುತ್ತಾನೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಇದೆಲ್ಲ ಆಗುವ ಮುಂಚೆಯೂ ನಗು ಬಂದಿರಲಿಲ್ಲ.

ಆ ಗಾಡಿಯ ಯಜಮಾನ ಡೆಲ್ಮರ್ ಸಿನಿಮಾದಲ್ಲಿರುವಂಥದ್ದೇ ಬಸ್ಸು ಬೇಕೆಂದು ಮನೆ ಮಾರಿದ್ದ. ಸಿಕ್ಕಿದ ಬಸ್ಸಿಗೆ ಸಾಕಷ್ಟು ತುಕ್ಕು ಇರಲಿಲ್ಲವಂತೆ, ಉಳಿದದ್ದನ್ನು ಬಣ್ಣದಲ್ಲಿ ಬಳಿದಿದ್ದ. ಒಳಗೆ ಹಳೆಯ ಹಂದಿಕೊಬ್ಬಿನ ವಾಸನೆ, ಒದ್ದೆ ನಾಯಿಯ ವಾಸನೆ. ನಾಯಿ ಇರಲಿಲ್ಲ. ಕಕ್ಕಸಿಗೆ ಬಾಗಿಲಿನ ಬದಲು ಪರದೆ. ಅವನ ಹೆಂಡತಿ ಆರ್ಡಿತ್ ಶಾಲೆಯ ಅಡುಗೆಮನೆಯಲ್ಲಿ ವಯಸ್ಸು ಕಳೆದವಳು, ತಟ್ಟೆಯ ಅಂಚಿನ ಕಲೆಯನ್ನೂ ಸಹಿಸದವಳು. ನಮ್ಮ ಕ್ಯಾಂಪಿನಲ್ಲಿ ಬಸ್ಸಿಳಿದವಳೇ ನನ್ನನ್ನು ಕೇಳಿದಳು:

"ನಿಮ್ಮನೆ ಬಚ್ಚಲಿಗೆ ಚಿಲಕ ಇದೆಯಾ?"

"ಇದೆ."

"ಒಳಗಿಂದ?"

ಅಷ್ಟು ಸಾಕಾಯಿತು ನನಗೆ, ಅವಳ ಸಂಸಾರ ತಿಳಿಯಲು.

ಡೆಲ್ಮರ್ ತೊಟ್ಟಿಯ ಪೈಪನ್ನು ನಮ್ಮ ಕ್ಯಾಂಪಿನ ಕಕ್ಕಸು ಗುಂಡಿಗೆ ಜೋಡಿಸಿ ವಾಲ್ವು ತೆರೆದೇ ಬಿಟ್ಟ.

"ಮುಚ್ಚಿಡಪ್ಪ," ಎಂದೆ. "ತೊಟ್ಟಿ ತುಂಬಿದ ಮೇಲೆ ತೆಗಿ, ನೀರಿನ ಜೊತೆ ಎಲ್ಲಾ ಹೋಗುತ್ತೆ. ಈಗ ನೀರು ಮಾತ್ರ ಹೋಗಿ ಮಿಕ್ಕಿದ್ದು ಅಲ್ಲೇ ಕೂತ್ಕೊಳ್ಳುತ್ತೆ."

"ನಿಮ್ಮನೆ ಕಕ್ಕಸಿಗೆ ಯಾರಮ್ಮ ವಾಲ್ವು ತಿರುಗಿಸ್ತಾರೆ?" ಎಂದು ನಕ್ಕ.

ಮಿಕ್ಕಿದ್ದು ಕೂತುಕೊಂಡಿತು. ಚಳಿಗೆ ಗಟ್ಟಿಯಾಗಿ ಹುತ್ತದಂತೆ ಬೆಳೆಯಿತು.

ಊರಿನ ಕ್ರಿಸ್ಮಸ್ ದೀಪದ ಮೆರವಣಿಗೆಯ ಸಂಜೆ ವಾಲ್ವು ಮುಚ್ಚಿ, ಪೈಪು ಕಳಚಿ, ಬಸ್ಸನ್ನು ಮೆರವಣಿಗೆಗೆ ಸೇರಿಸಲು ಹೊರಟ. ಆರ್ಡಿತ್‌ಗೆ ಕೆಂಪು ಟೋಪಿ ಹಾಕಿ ಮುಂದಿನ ಸೀಟಿನಲ್ಲಿ ಕೂರಿಸಿದ್ದ. ಚಳಿಯೆಂದು ಒಲೆ ಹೊತ್ತಿಸಿದ್ದ, ತೊಟ್ಟಿಯೂ ಬೆಚ್ಚಗಾಯಿತು. ಚರ್ಚಿನ ಎದುರು, ಗಾಡಿಗಳಿಂದ ಎಸೆಯುವ ಮಿಠಾಯಿ ಆಯಲು ಮಕ್ಕಳು ಸಾಲಾಗಿ ನಿಂತಿದ್ದ ಕಡೆ, ಬಸ್ಸು ನಿಲ್ಲಿಸಿ ಪೈಪನ್ನು ಚರಂಡಿಗೆ ಬಿಟ್ಟು ವಾಲ್ವಿನ ಹಿಡಿ ಎಳೆದ. ಸಿನಿಮಾದಲ್ಲಿದ್ದಂತೆ, ತಮಾಷೆಗೆ. ಎಲ್ಲಾ ಆಗಲೇ ಗುಂಡಿಗೆ ಹರಿದುಹೋಗಿದೆ, ಏನೂ ಬರುವುದಿಲ್ಲವೆಂದು ನಂಬಿದ್ದ. ಅಷ್ಟು ದಿನದ್ದು ಸಡಿಲವಾಗಿತ್ತು. ಪೈಪು ಉಬ್ಬಿತು, ಕಿತ್ತುಬಂತು, ರಸ್ತೆ ತುಂಬ ಹರಡಿತು. ಜನ ಮೊದಲು ಚಪ್ಪಾಳೆ ತಟ್ಟಿದರು, ಇದೂ ಆಟವೆಂದು. ಆಮೇಲೆ ವಾಸನೆ ಬಡಿಯಿತು. ತಾಯಂದಿರು ಮಕ್ಕಳನ್ನು ಎಳೆದುಕೊಂಡು ಓಡಿದರು. ಒಂದು ಮಗು ಬಿದ್ದ ಮಿಠಾಯಿಗೆ ಕೈ ಹಾಕುತ್ತಿತ್ತು. ಈಗಲೂ ನೆನೆದರೆ ನನಗೆ ಕಂದು ಸಾರು ಇಳಿಯುವುದಿಲ್ಲ.

ಡೆಲ್ಮರ್ ಸೊಂಟ ಬಗ್ಗಿಸಿ ಜನಕ್ಕೆ ವಂದಿಸಿದ. ಆರ್ಡಿತ್ ಟೋಪಿ ತೆಗೆದಿಟ್ಟು, ಇಳಿದು, ಚರ್ಚಿನವರ ಹಿಮ ಎತ್ತುವ ಸಲಿಕೆ ಕೇಳಿ ತಂದಳು.

"ಬಿಡೇ," ಎಂದೆ. "ಅವನೇ ಬಳೀಲಿ."

"ಅದ್ರಲ್ಲಿ ಅರ್ಧ ನಂದು, ಯೂನಿಸ್," ಎಂದಳು. "ಊರೆಲ್ಲಾ ನೋಡ್ತು."

ಬೆಳಿಗ್ಗೆ ಟವೆಲು ಹಿಡಿದು ನನ್ನ ಬಾಗಿಲಿಗೆ ಬಂದಳು. ಚಿಲಕ ಹಾಕಿಕೊಂಡು ಬಿಸಿನೀರು ಮುಗಿಯುವವರೆಗೂ ಮಿಂದಳು. ಹಿಂದಿನ ಕೋಣೆ ಕೊಟ್ಟೆ. ಮತ್ತೆ ಆ ಬಸ್ಸಿನ ಮೆಟ್ಟಿಲು ಹತ್ತುವುದಿಲ್ಲ ಎಂದಳು, ಹತ್ತಲೂ ಇಲ್ಲ. ಅವನು ಕಿಟಕಿಯ ಹೊರಗೆ ನಿಂತು ಕರೆಯುತ್ತಿದ್ದ, ಅವಳು ಪರದೆ ಎಳೆಯುತ್ತಿದ್ದಳು. ಬೇಸಿಗೆಯಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದರು ಡಾಕ್ಟರು. ಎಲೆ ಉದುರುವ ಹೊತ್ತಿಗೆ ಹಾಸಿಗೆ ಹಿಡಿದಳು.

ಹೇಸಿಗೆ ಅಂದರೆ ಇದು: ಮೆರವಣಿಗೆಯ ಸಮಿತಿಯವರು ಆ ವರ್ಷವೂ ಗಾಡಿ ಬೇಕೆಂದರು. ಪಕ್ಕದ ಊರುಗಳಿಂದಲೂ ಜನ ಬರುತ್ತಾರಂತೆ, ಅದನ್ನೇ ನೋಡಲು.

ಡೆಲ್ಮರ್ ಕೆಂಪು ಟೋಪಿ ಹಿಡಿದು ನನ್ನ ಅಡುಗೆಮನೆಗೆ ಬಂದ. ಬೂಟು ಕಳಚಲಿಲ್ಲ.

"ಮುಂದೆ ಕೂತು ಕೈ ಬೀಸಿದ್ರೆ ಸಾಕು," ಎಂದ. "ದಿಂಬು ಕೊಟ್ಟು ಕೂರಿಸ್ತೀನಿ. ಅವಳಿಲ್ದಿದ್ರೆ ಚೆನ್ನಾಗಿರಲ್ಲ. ಎಬ್ಬಿಸಿ."

ಒಳಗೆ ಹೋದೆ. ಎಲ್ಲ ಕೇಳಿಸಿಕೊಂಡಿದ್ದಳು. ರಜಾಯಿಯನ್ನು ಗಲ್ಲದವರೆಗೆ ಎಳೆದುಕೊಂಡು ನನ್ನ ತೋಳು ಹಿಡಿದಳು. ಅವಳು ನನ್ನನ್ನು ಕೇಳಿದ್ದು ಅದೇ ಕೊನೆ.

"ನಿದ್ದೆ ಮಾಡ್ತಿದ್ದಾಳೆ ಅಂತ ಹೇಳೇ. ನಾಳೆ ಬಂದ್ರೂ ಹಾಗೇ ಹೇಳು."