ತೊಟ್ಟಿದ್ದ ಬಟ್ಟೆ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು, "ಅಕ್ಕಾ, ಇಂಗ್ಲಿಷ್ ಬತ್ತದಾ?" ಎಂದು ಅರ್ಜಿಯೊಂದನ್ನು ಚಾಚಿದಳು. ಹೆಸರು ಸೆಲ್ವಿ. ಶ್ರೀಲಂಕಾದ ಯುದ್ಧದ ಕಾಲದಲ್ಲಿ ಓಡಿಬಂದು, ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ಸಂಸಾರ ಹೂಡಿದವಳು. ಶ್ರೀಲಂಕಾದಲ್ಲಿದ್ದಾಗ ಯಾರೋ ಜೀಪಿನಲ್ಲಿ ಕರೆದೊಯ್ದ ತಮ್ಮ ಇಂದಿಗೂ ಮರಳಿಲ್ಲ. ಹಾಗೆ ಕಾಣೆಯಾದವರ ವಿವರವನ್ನು ವಿದೇಶದ ಸಮಿತಿಯೊಂದು ಕೇಳಿದೆ.

"ಇದು ನಾಲ್ಕನೇದು. ಒಬ್ರು ಓಗ್ತಾರೆ, ಇನ್ನೊಬ್ರು ಬತ್ತಾರೆ, ಮತ್ತೆ ಮೊದಲಿಂದ ಕೇಳ್ತಾರೆ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ನಾನು ಒಂದೊಂದೇ ಪ್ರಶ್ನೆ ಓದಿ ಹೇಳುತ್ತ ತುಂಬತೊಡಗಿದೆ. ಕೊನೆಗೆ ಕಂಡಾಗ ತೊಟ್ಟಿದ್ದ ಬಟ್ಟೆ ಯಾವುದು? ಹಿಂದಿನ ಅರ್ಜಿಗಳಲ್ಲಿ ಈ ಪ್ರಶ್ನೆ ಇರಲಿಲ್ಲವಂತೆ.

"ಬಿಳಿ ಶರ್ಟು, ಪ್ಯಾಂಟು ಅಂತ ಆಕಿ," ಎಂದು ನಕ್ಕಳು. "ಉಟ್ಟಿದ್ದು ಲುಂಗಿ, ಬನಿಯನ್ನೇ. ಫಾರಿನ್ನೋರು ಓದ್ತಾರಲ್ಲ, ತಂಬಿಗೆ ಮರ್ಯಾದೆ ಬೇಡವಾ?"

"ನಿಜವಾದದ್ದೇ ಬೇಕು ಸೆಲ್ವಿ. ಗುರುತು ಹಿಡಿಯೋದಕ್ಕೆ ಕೇಳಿದಾರೆ."

"ಫೋಟೋ ಅಂಟಿಸಿದೀನಲ್ಲ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಇಷ್ಟು ವರ್ಷ ಮಣ್ಣಿನಡಿ ಇದ್ದವರ ಮುಖ ಉಳಿದಿರುವುದಿಲ್ಲ, ಬಟ್ಟೆ ಉಳಿದೀತು. ನಾನು ಪೆನ್ನಿನ ಮುಚ್ಚಳ ತಿರುಗಿಸುತ್ತ ಕುಳಿತೆ. ಅವಳ ನಗು ಮೆಲ್ಲಗೆ ನಿಂತಿತು. ಗಾಡಿ ಬಂದರೂ ಇಬ್ಬರೂ ಏಳಲಿಲ್ಲ.

"ಬನಿಯನ್ನು ಬುಜದತ್ರ ಅರಿದಿತ್ತು," ಎಂದಳು ಕೊನೆಗೆ. "ಅಸಿರು ದಾರದಲ್ಲಿ ನಾನೇ ಒಲಿಗೆ ಆಕಿದ್ದೆ. ಅದನ್ನ ದಪ್ಪ ಅಕ್ಷರದಲ್ಲಿ ಬರೀರಿ ಅಕ್ಕಾ."