ನೆಗ್ಗಿದ ಜರ್ಮನ್

ನಮ್ಮ ಅಡುಗೆಮನೆಯಲ್ಲಿ ಸಂಜೆಯ ಟೀ ಕುದಿಯುವುದು ಒಂದು ಪಕ್ಕ ನೆಗ್ಗಿಹೋದ ಅಲ್ಯೂಮಿನಿಯಂ ಪಾತ್ರೆಯಲ್ಲಿ. ಅದು ನನ್ನದಲ್ಲ, ಹಿತ್ತಲಿನ ಬಾಡಿಗೆ ಕೋಣೆಯ ಶರಣಮ್ಮನದು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದ ಆಕೆ ಹೊಸ ತಿಪ್ಪಸಂದ್ರದ ನಮ್ಮ ಮನೆ ಸೇರಿದ ದಿನವೇ ಬಾಗಿಲಲ್ಲಿ ನಿಂತು, "ಅಮ್ಮಾರ, ನಿಮ್ಮ ಮನ್ಯಾಗ ದೊಡ್ಡ ಜರ್ಮನ್ ಐತೇನ್ರೀ?" ಎಂದು ಕೇಳಿದ್ದಳು. ನಾನು ಸಂಕೋಚದಿಂದ, "ಇಲ್ಲಮ್ಮ, ನಮ್ಮ ಕಾನ್ವೆಂಟಲ್ಲಿ ಫ್ರೆಂಚ್ ಮಾತ್ರ ಇತ್ತು" ಎಂದೆ. ಅವರ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಎನ್ನುತ್ತಾರೆಂದು ತಿಳಿಯುವ ಹೊತ್ತಿಗೆ ಆಕೆ ಬೇರೆಲ್ಲಿಂದಲೋ ಒಂದನ್ನು ಕೊಂಡು ತಂದಾಗಿತ್ತು. ಎಂದೋ ಯಾವುದೋ ಹಡಗು ಏರಿ ಬಂದಿರಬಹುದಾದ ಹೆಸರು, ಎರಡು ಮಹಾಯುದ್ಧಗಳನ್ನು ದಾಟಿ ಇನ್ನೂ ಒಲೆಯ ಮೇಲೆ ಸುಖವಾಗಿ ಕುಳಿತಿದೆಯಲ್ಲ ಎಂದು ನನಗೆ ಸೋಜಿಗ.

ಶರಣಮ್ಮನ ಮಗಳು ಭಾಗ್ಯ ಹತ್ತನೇ ತರಗತಿ. ಶಾಲೆ ನಮ್ಮ ರಸ್ತೆಯ ತುದಿಯಲ್ಲೇ ಇರುವುದರಿಂದ, ತಾಯಿಯ ಕೆಲಸ ಎಲ್ಲಿಗೆ ಹೋದರೂ ಈ ಕೋಣೆ ಬಿಡಬಾರದೆಂಬುದು ಅವರ ಹಟ. ಸಂಜೆ ನನ್ನ ಊಟದ ಮೇಜಿನಲ್ಲಿ ಅವಳ ಪಾಠ. ಮೊದಲ ಮಹಾಯುದ್ಧದ ಕಾರಣ, ಗತಿ, ಅಂತ್ಯ ಓದುವಾಗ ಅವಳು, "ಆಂಟಿ, ಒಬ್ಬ ರಾಜಕುಮಾರನ್ನ ಕೊಂದಿದ್ದಕ್ಕ ಇಷ್ಟು ದೇಶದವರು ಯಾಕ ಬಡದಾಡಿದ್ರು?" ಎಂದಳು. ನಾನು ಹಿಂದೆ ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ, ಸೈನಿಕ ಕೂಟಗಳು, ವಸಾಹತುಗಳ ಪೈಪೋಟಿ ಎಂದು. ಅವಳಿಗೂ ಅರ್ಥವಾಗಲಿಲ್ಲ, ನನಗೂ.

ಉತ್ತರ ಸಿಕ್ಕಿದ್ದು ಹಿತ್ತಲಿನ ನಲ್ಲಿಯಲ್ಲಿ. ಕಾವೇರಿ ನೀರು ಬರುವ ಬೆಳಿಗ್ಗೆ ಪಾತ್ರೆಯಿಟ್ಟು ಒಳಗೆ ಹೋದರೂ ಸಾಲಿನಲ್ಲಿ ಜಾಗ ಉಳಿಯುತ್ತದೆಂಬುದು ನಮ್ಮಲ್ಲಿ ರೂಢಿ. ಪಕ್ಕದ ಕೋಣೆಯ ಸೆಲ್ವಿ, ಹಲಸೂರಿನಿಂದ ಬಂದವಳು, ಅಂದು ಶರಣಮ್ಮ ಹಾಗೆ ಇಟ್ಟುಹೋಗಿದ್ದ ಪಾತ್ರೆಯನ್ನು ಕಾಲಿನಿಂದ ಸರಿಸಿದಳು.

"ನನ್ನ ಜರ್ಮನ್ ಮೊದಲ ಬಂದೈತಿ!"

"ಆಳೇ ಇಲ್ಲದ ಪಾತ್ರೆಗೆ ಯಾವ ಕ್ಯೂ ಮಾ? ಇನ್ನೊಂದ್ಸಲ ಒದೀತೀನಿ, ನೋಡ್ತಿರು."

ಒದ್ದೂಬಿಟ್ಟಳು. ಅದು ಉರುಳಿ ಒಗೆಯುವ ಕಲ್ಲಿಗೆ ಬಡಿದು ನೆಗ್ಗಿತು. ಶರಣಮ್ಮ ಸೆಲ್ವಿಯ ಏಳು ತಲೆಮಾರನ್ನೂ ಬೈದಳು. ಸೆಲ್ವಿಯ ಅತ್ತೆ ಹೊರಬಂದರು. ಅವರ ವಿರುದ್ಧ ಶರಣಮ್ಮನ ಮೈದುನ ಬಂದ. ಅವನಿಗೆ ಆಗದ ಇಸ್ತ್ರಿಯವನು ಸೆಲ್ವಿಯ ಕಡೆ ನಿಂತ. ಇಸ್ತ್ರಿಯವನೊಡನೆ ಮಾತುಬಿಟ್ಟಿದ್ದ ಹೂವಿನಾಕೆ ಬುಟ್ಟಿ ಇಳಿಸಿ ಶರಣಮ್ಮನ ಪಕ್ಷ ಸೇರಿದಳು. ನಮ್ಮ ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ತಟಸ್ಥ ರಾಷ್ಟ್ರವಾದರು. ಭಾಗ್ಯ ನನ್ನತ್ತ ನೋಡಿ, "ಆಂಟಿ, ಹಿಂಗೇನು?" ಎಂದಳು. ಹೀಗೇ ಇರಬೇಕು.

ಆಮೇಲೆ ದಿನಗಟ್ಟಲೆ ಬಟ್ಟೆ ಒಣಹಾಕುವ ಹಗ್ಗವೇ ಗಡಿ. ಆಚೆಯವರು ಈಚೆ ಬರಲಿಲ್ಲ, ಈಚೆಯವರು ಆಚೆ ಹೋಗಲಿಲ್ಲ. ಗತಿ ಎಂದರೆ ಸಾಗಿದ ದಾರಿಯೂ ಹೌದು, ಒದಗಿದ ಪಾಡೂ ಹೌದು. ಆ ಮಹಾಯುದ್ಧದ ಕಂದಕಗಳಲ್ಲಿ ಕೆಸರು ತುಳಿದವರಲ್ಲಿ ನಮ್ಮ ಕಂಟೋನ್ಮೆಂಟಿನಿಂದ ಹೊರಟ ಸಿಪಾಯಿಗಳೂ ಇದ್ದರು. ಯಾರ ಜಗಳವೆಂದು ಅವರಿಗೆ ಯಾರು ಹೇಳಿದ್ದರೋ. ಅವರ ಸಾವನ್ನು ನಲ್ಲಿಯ ಜಗಳಕ್ಕೆ ಹೋಲಿಸುವಷ್ಟು ಹಗುರ ಮನಸ್ಸು ನನ್ನದಲ್ಲ, ಆದರೆ ಹಟದ ಬೀಜ ಎಷ್ಟು ಸಣ್ಣದಿರುತ್ತದೆಂದು ಮಾತ್ರ ಕಂಡೆ.

ಒಂದು ಸಂಜೆ ಶರಣಮ್ಮ ಬಂದು, "ಖೋಲಿ ಖಾಲಿ ಮಾಡ್ತೀವ್ರೀ ಅಮ್ಮಾರ" ಎಂದಳು. ಹಿಂದೆ ಭಾಗ್ಯ ಪುಸ್ತಕ ಅವುಚಿಕೊಂಡು ನಿಂತಿದ್ದಳು. ಖಾಲಿಯಾಗುವುದು ಕೋಣೆಯಷ್ಟೇ ಅಲ್ಲ, ಶಾಲೆಯ ಒಂದು ಬೆಂಚೂ. ಸೆಲ್ವಿಯನ್ನು ಕರೆದೆ. ಅವಳ ಷರತ್ತು ಸಿದ್ಧವಿತ್ತು: "ತಪ್ಪಾಯ್ತು ಅಂತ ಎಲ್ಲರ ಮುಂದೆ ಹೇಳ್ಲಿ ಅಕ್ಕಾ. ಇನ್ಮೇಲೆ ಇವಳ ಪಾತ್ರೆ ಕಡೇಲಿ ಇರ್ಲಿ."

ಹೇಗಾದರೂ ಮುಗಿದರೆ ಸಾಕೆಂದು ನಾನು ಹೂಂ ಎನ್ನುವವಳೇ ಇದ್ದೆ. ಅಷ್ಟರಲ್ಲಿ ಹಿಂದಿನ ದಿನ ಭಾಗ್ಯಳಿಂದ ಓದಿಸಿದ ಕೊನೆಯ ಪುಟ ನೆನಪಾಯಿತು. ಸೋತ ಜರ್ಮನ್ನರನ್ನು ಅರಮನೆಯ ಕನ್ನಡಿಗಳ ಸಭಾಂಗಣಕ್ಕೆ ಕರೆಸಿ, ತಲೆ ತಗ್ಗಿಸುವಂತೆ ಮಾಡಿ, ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರಂತೆ. ಆ ಅವಮಾನ ಎರಡು ದಶಕ ಒಳಗೇ ಕುದಿದು ಮತ್ತೆ ಉಕ್ಕಿತಂತೆ.

"ಯಾರೂ ತಪ್ಪಾಯ್ತು ಅನ್ನೋದು ಬೇಡ. ಶರಣಮ್ಮ, ನಿನ್ನ ಜರ್ಮನ್ ತಗೊಂಬಾ, ಟೀ ಇಡ್ತೀನಿ."

ಸೆಲ್ವಿ ಮೂಗು ಮುರಿದಳು. "ಅಯ್ಯೋ, ಈ ಸೊಟ್ಟದ್ರಲ್ಲಾ?"

"ಯಾಕ, ನೀನ ಒದ್ದು ಮಾಡಿದ ಡಿಜೈನ್ ಅಲ್ಲೇನು?" ಎಂದಳು ಶರಣಮ್ಮ.

ಸೆಲ್ವಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬಗ್ಗಿ ತಳ ನೋಡಿ, "ಸೋರಲ್ಲ ತಾನೇ?" ಎಂದು ಮೆಲ್ಲಗೆ ಕೇಳಿದಳು. ಕ್ಷಮೆಯ ಮಾತು ಅದಕ್ಕಿಂತ ಹೆಚ್ಚು ಬರಲಿಲ್ಲ. ಶರಣಮ್ಮನಿಗೆ ಅಷ್ಟೇ ಸಾಕಾಯಿತು. "ಸೋರೂದಿಲ್ಲ ಬಿಡವಾ" ಎಂದು ಸಕ್ಕರೆ ಡಬ್ಬಿ ಮುಂದೆ ತಳ್ಳಿದಳು.

ಅವರು ಕೋಣೆ ಬಿಡಲಿಲ್ಲ. ಪಾತ್ರೆ ಮಾತ್ರ ನನ್ನ ಅಡುಗೆಮನೆಯಲ್ಲೇ ಉಳಿಯಿತು. ಈಗ ನಾನು ಬರೆಯುತ್ತಿರುವ ಮೇಜಿನ ಆಚೆ ತುದಿಯಲ್ಲಿ ಭಾಗ್ಯ ಎರಡನೇ ಮಹಾಯುದ್ಧದ ಕಾರಣಗಳನ್ನು ಓದುತ್ತಿದ್ದಾಳೆ. ಹಿತ್ತಲಿನಿಂದ ಸೆಲ್ವಿಯ ಕೂಗು: "ಅಕ್ಕಾ, ಜರ್ಮನ್ ಇಟ್ರಾ?"

ಇಡಬೇಕು. ಅಳತೆಗೆ ಲೋಟ ಬೇಕಿಲ್ಲ. ನೀರು ಆ ನೆಗ್ಗಿನವರೆಗೆ ಬಂದರೆ ಮೂರೂ ಮನೆಗೆ ಸರಿಹೋಗುತ್ತದೆ.